ಎಲ್ಲಿಗೆ ಬಂತು?

ಶಟ್ಟೆಪ್ಪನ ಬಾಯಿಂದ ‘ನೋಯತೈತಿ’ ಎಂಬ ಮಾತನ್ನು ಸಾಲಹಳ್ಳಿಯಲ್ಲಿ ಯಾರೂ ಕೇಳಿರಲಿಲ್ಲ. ಎತ್ತು ತುಳಿದು ಹೆಬ್ಬೆರಳಿನ ಉಗುರು ಹಾರಿಹೋದ ದಿನವೂ ಅವನು ಹೆಗಲ ಮೇಲಿನ ರುಮಾಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, ಮತ್ತೆ ಹಗ್ಗ ಹಿಡಿದಿದ್ದ. ಅವನ ರುಮಾಲುಗಳು ಬೇರೆಲ್ಲೂ ಹರಿಯುತ್ತಿರಲಿಲ್ಲ, ತುದಿಯಲ್ಲಿ ಮಾತ್ರ ತೂತು ತೂತಾಗಿರುತ್ತಿದ್ದವು.

ಅವನು ಚೇಳು ಇಳಿಸುವವ. ಆ ಕಲ್ಲು ನೆಲದಲ್ಲಿ ಚೇಳಿಗೇನು ಬರ? ಒಡ್ಡಿನ ಕಲ್ಲು ಎತ್ತಿದರೆ ಚೇಳು, ಸೆಗಣಿ ಕುಳ್ಳಿನ ರಾಶಿಗೆ ಕೈ ಹಾಕಿದರೆ ಚೇಳು. ಕಡಿಸಿಕೊಂಡವರನ್ನು ಹೊತ್ತು ತಂದು ಅವನ ಮನೆಯ ಕಟ್ಟೆಯ ಮೇಲೆ ಕೂಡಿಸುತ್ತಿದ್ದರು. ಶಟ್ಟೆಪ್ಪ ಬೇವಿನ ಟೊಂಗೆ ಮುರಿದು ತಂದು, ನೋವು ಏರಿದಲ್ಲಿಂದ ಕೆಳಕ್ಕೆ ಸವರುತ್ತ, “ಎಲ್ಲಿಗೆ ಬಂತು?” ಎಂದು ಕೇಳುತ್ತಿದ್ದ. ಕಡಿಸಿಕೊಂಡವರು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬೇವು ಹಿಡಿದು ಕೇಳಿದಾಗ ಸುಳ್ಳು ಹೇಳಿದರೆ ನೋವು ಅಲ್ಲೇ ಗೂಡು ಕಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ತೊಡೆಗೆ ಬಂತು, ಮೊಣಕಾಲಿಗೆ ಬಂತು, ಹಿಮ್ಮಡಿಗೆ ಬಂತು ಎನ್ನುತ್ತ ಎನ್ನುತ್ತ, ಕಡೆಗೆ ಕಡಿದ ಜಾಗಕ್ಕೇ ಇಳಿದಾಗ ಅವನು ಅಂಗೈ ಚಾಚಿ “ಕೊಡು” ಎನ್ನುತ್ತಿದ್ದ. ಅವರು “ಕೊಟ್ಟೆ” ಎನ್ನುತ್ತಿದ್ದರು. ಅಷ್ಟೇ. ಹೊತ್ತು ತಂದವರು ನೋಡುತ್ತಿದ್ದ ಹಾಗೆ, ಅಳುತ್ತ ಬಂದವರು ಎದ್ದು ಚಹಾ ಕುಡಿದು ತಮ್ಮ ಕಾಲ ಮೇಲೆ ನಡೆದು ಹೋಗುತ್ತಿದ್ದರು.

ತೆಗೆದುಕೊಂಡವನಿಗೂ ಒಂದು ಕಟ್ಟು ಇತ್ತು. ಅವನು ಬಾಯಿಬಿಟ್ಟು ನೋಯುತ್ತದೆ ಎನ್ನಬಾರದು. ಎಂದರೆ ಮುಷ್ಟಿ ಬಿಚ್ಚಿದ ಹಾಗೆ. ಹಿಡಿದಿಟ್ಟದ್ದೆಲ್ಲ ಯಾರದೋ ಅವರಿಗೇ ತಿರುಗಿ ಹೋಗುತ್ತದೆ. ಹೇಳದೆ ಸತ್ತರೆ ಅವನ ಜೊತೆಗೇ ಮಣ್ಣಾಗುತ್ತದೆ. ಶಟ್ಟೆಪ್ಪನಿಗೆ ಕಲಿಸಿದ ಸೋದರಮಾವ ಟೊಂಕ ಮುರಿದು ಮಲಗಿದವನು, ಸಾಯುವ ತನಕ ಬಾಯಲ್ಲಿ ರುಮಾಲು ತುರುಕಿಸಿಕೊಂಡೇ ಇದ್ದನಂತೆ.

ಕಿರಿಯ ಮಗಳು ರಂಜನಾ ಇನ್ನೂ ಸಾಲಿಗೆ ಹೋಗದ ಕೂಸಾಗಿದ್ದಾಗ ಅವಳ ಬಲಗಾಲ ಕಿರುಬೆರಳಿಗೆ ಚೇಳು ಕಡಿದಿತ್ತು. ಕೆಂಪು ಚೇಳು. ಕರಿಯದು ಅಳಿಸುತ್ತದೆ, ಕೆಂಪನೆಯದು ಮಕ್ಕಳನ್ನು ಒಯ್ಯುತ್ತದೆ. ಮೈಯೆಲ್ಲ ಬೆವೆತು, ಕೈಕಾಲು ಬಾವಿಯ ಕಲ್ಲಿನಂತೆ ತಣ್ಣಗಾಗಿ, ಎದೆ ಹಾರುತ್ತಿದ್ದದ್ದು ಅವಳಿಗೆ ಇನ್ನೂ ನೆನಪಿದೆ. ಅಪ್ಪ ಕೈ ಚಾಚಿದ್ದು, ತಾನು “ಕೊಟ್ಟೆ” ಅಂದದ್ದು ನೆನಪಿದೆ. ಆಮೇಲೆ ಅವಳು, “ಅದು ಎಲ್ಲಿಗೆ ಹೋತು ಅಪ್ಪಾ?” ಎಂದು ಕೇಳಿದ್ದಳು. ಶಟ್ಟೆಪ್ಪ ರುಮಾಲಿನ ತುದಿ ಬಾಯಿಗೆ ಒಯ್ದ.

ಏಳನೇ ಇಯತ್ತೆಗೇ ಸಾಲಿ ಬಿಟ್ಟ ರಂಜನಾ ಮಾತು ಕಡಿಮೆಯ ಹುಡುಗಿ. ಯಾರಾದರೂ ಮನೆಗೆ ಬಂದರೆ ಬಾಗಿಲ ಮರೆಯಲ್ಲೇ ನಿಲ್ಲುವವಳು. ನಿಂತಲ್ಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಅಪ್ಪ ದನದ ಕೊಟ್ಟಿಗೆಯ ಹಿಂದೆ ಹೋದವನು ಗೋಡೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಲ್ಲುತ್ತಾನೆ, ಹನಿ ಹನಿಯಾಗಿ ಬೀಳುವ ಸಪ್ಪಳ ನಿಂತು ನಿಂತು ಬರುತ್ತದೆ, ತಿರುಗಿ ಬಂದಾಗ ರುಮಾಲಿನ ತುದಿ ಒದ್ದೆಯಾಗಿರುತ್ತದೆ. ಇದನ್ನು ಅವಳು ಅಣ್ಣ ಭೀಮಶಿಗೆ ಹೇಳಿದಳು. ಭೀಮಶಿ ಅಪ್ಪನನ್ನು ಬೈಲಹೊಂಗಲದ ದವಾಖಾನೆಗೆ ಕರೆದೊಯ್ದ. ಅಲ್ಲಿಯ ವಿರೂಪಾಕ್ಷ ಡಾಕ್ಟರು ಮೂತ್ರ ಸಡಿಲಾಗಲು ಗುಳಿಗೆ ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು, ಕೈಬೆರಳಿನಿಂದಲೂ ನೋಡಿದರು. ಪ್ರೊಸ್ಟೇಟ್ ಗಂಟು ಗಟ್ಟಿಯಾಗಿದೆ, ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗದು ಎಂದರು.

ಬಯಾಪ್ಸಿಯ ದಿನ ಭೀಮಶಿಗೆ ಕಡಲೆಯ ರಾಶಿ ಬಿಟ್ಟು ಬರಲಾಗಲಿಲ್ಲ. ಅಪ್ಪನ ಜೊತೆ ಬಂದವಳು ರಂಜನಾ. ಬೈಲಹೊಂಗಲದಲ್ಲೇ ಸಂಸಾರ ಮಾಡಿಕೊಂಡಿದ್ದ ಅಕ್ಕ ಅನ್ನಪೂರ್ಣಾ ಬುತ್ತಿ ಕಟ್ಟಿಕೊಂಡು ನೇರ ದವಾಖಾನೆಗೇ ಬಂದಿದ್ದಳು.

ಡಾಕ್ಟರು ಮೊದಲೇ ಕೂಡಿಸಿಕೊಂಡು ತಿಳಿಸಿ ಹೇಳಿದರು. “ನೋಡ್ರಿ ಶಟ್ಟೆಪ್ಪಾರ, ನಿಮಗ ದಮ್ಮ ಐತಿ. ಪೂರಾ ನಿದ್ದಿಗೆ ಹಾಕೂದು ಬ್ಯಾಡ. ಆ ಜಾಗಾ ಅಷ್ಟ ಮರಗಟ್ಟಿಸ್ತೇನಿ. ಮೊದಲ ಮುಲಾಮು, ಆಮ್ಯಾಲ ಎರಡೂ ಬಾಜೂಕ ಇಂಜೆಕ್ಷನ್. ಅದು ಹತ್ತೂ ತನಕ ಕಾಯೂಣು. ಆದ್ರೂ ನೋವಾತಂದ್ರ ಬಾಯಿಬಿಟ್ಟ ಹೇಳಬೇಕು. ನೀವು ಹೇಳಿದ್ರನ ನನಗ ತಿಳೀತೈತಿ, ಇನ್ನೊಂದೀಟು ಔಷಧ ಬಿಡತೇನಿ. ಗಂಡಸ್ತನ ತೋರಸೂ ಜಾಗಾ ಅಲ್ಲ ಇದು.”

ಶಟ್ಟೆಪ್ಪ ತಲೆಯಾಡಿಸಿದ. ಅವನ ತಲೆ ಹೌದು ಅಂದಿತೋ ಅಲ್ಲ ಅಂದಿತೋ ರಂಜನಾಗೆ ಮಾತ್ರ ತಿಳಿಯಿತು.

ಅವನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ಬಹಳ ಹೊತ್ತಾಗಲಿಲ್ಲ, ಸಿಸ್ಟರ್ ಪ್ರಜ್ಞಾ ಬಾಗಿಲು ತೆರೆದು ಇಣುಕಿದಳು. ರಂಜನಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಮಾತಾಡುವಾಗ ಎದುರಿನವರ ಕೈ ಹಿಡಿದುಕೊಳ್ಳುವುದು ಅವಳ ರೂಢಿ.

“ಮಗಳು ನೀವ ಅಲ್ರಿ? ಒಳಗ ಬರ್ರಿ. ಕಾಕಾ ಬಾಯೇ ಬಿಡವಲ್ರು. ಟೊಂಕದ ಮ್ಯಾಲ ಪಡದೆ ಕಟ್ಟೇವಿ, ನಿಮಗ ಮುಖ ಅಷ್ಟ ಕಾಣತೈತಿ. ತಲಿ ಕಡೆ ನಿಂತು ಮಾತಾಡಸ್ರಿ.”

ಅಪ್ಪ ಎಡಮಗ್ಗುಲಾಗಿ, ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು ಮಲಗಿದ್ದ. ಹಸಿರು ಬಟ್ಟೆಯ ಪರದೆಯ ಆಚೆ ಡಾಕ್ಟರ ತಲೆ ಕಾಣುತ್ತಿತ್ತು. ಬೆರಳಿಗೆ ಸಿಕ್ಕಿಸಿದ ತಂತಿ ಗೋಡೆಯ ಮಿಷನ್ನಿಗೆ ಹೋಗಿತ್ತು, ಅದು ಅವಸರದಲ್ಲಿ ಕೂಗುತ್ತಿತ್ತು.

“ಸಪ್ಪಳ ಆಗತೈತಿ ನೋಡ್ರಿ ಈಗ. ಅಂಜಬ್ಯಾಡ್ರಿ,” ಎಂದರು ಡಾಕ್ಟರು.

ಛಟ್.

ಮರದ ಟೊಂಗೆ ಒಮ್ಮೆಲೇ ಮುರಿದಂಥ ಸಪ್ಪಳ. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆದರೆ ರಂಜನಾಳ ಬಲಗಾಲ ಕಿರುಬೆರಳು, ಚಪ್ಪಲಿಯ ಒಳಗೆ, ಯಾರೋ ಐಸಿನ ಚೂರು ಮುಟ್ಟಿಸಿದಂತೆ ತಣ್ಣಗಾಯಿತು.

“ಹತ್ತರಾಗ ಎಷ್ಟು ನೋವು, ಕಾಕಾ?” ಪ್ರಜ್ಞಾ ಕೇಳಿದಳು. “ಏನೂ ಇಲ್ಲಂದ್ರ ಸೊನ್ನಿ, ತಡಿಯಾಕ ಆಗೂದಿಲ್ಲಂದ್ರ ಹತ್ತು.”

“ಏನಿಲ್ಲ,” ಎಂದ ಶಟ್ಟೆಪ್ಪ.

ಛಟ್. ಮತ್ತೆ ಕಿರುಬೆರಳು ತಣ್ಣಗಾಯಿತು. ಈ ಸಲ ತಂಪು ಪಾದದ ಮೇಲೂ ಹರಿಯಿತು. ಅವಳು ಬಗ್ಗಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ, ಹಳೆಯ ಕಪ್ಪು ಚುಕ್ಕೆಯೊಂದನ್ನು ಬಿಟ್ಟು.

ಡಾಕ್ಟರು ಕೈ ನಿಲ್ಲಿಸಿದರು. “ಬಾಯಿ ಒಂದ ಹೇಳತೈತಿ, ಮಿಷನ್ ಒಂದ ಹೇಳತೈತಿ. ನಾಡಿ ನೋಡು ಹೆಂಗ ಓಡಾಕತ್ತೈತಿ. ತಡೀರಿ, ಇನ್ನೊಂದು ಇಂಜೆಕ್ಷನ್ ಕೊಡೂಣು. ಇಷ್ಟು ತಡಕೊಂಡು ಏನ ಗಳಸ್ತೀರಿ ಮಾರಾಯರ?”

ಔಷಧ ಹತ್ತುವ ತನಕ ಕಾಯುವಾಗ ಪ್ರಜ್ಞಾ ಅಪ್ಪನ ಕೈಯನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡಳು. ಎಲ್ಲ ರೋಗಿಗಳಿಗೂ ಹೇಳಿ ಹೇಳಿ ನುಣುಪಾದ ದನಿಯಲ್ಲಿ, “ಉಸರ ಉದ್ದ ಬಿಡ್ರಿ ಕಾಕಾ. ನನ್ನ ಕೈ ಜೋರಾಗಿ ಹಿಚುಕ್ರಿ. ನಿಮ್ಮ ನೋವೆಲ್ಲಾ ನನಗ ಕೊಡ್ರಿ ನೋಡೂಣು, ಕೊಡ್ರಿ,” ಎಂದಳು.

ಶಟ್ಟೆಪ್ಪ ಕೆಂಡ ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡ. “ಹಂಗ ಅನಬ್ಯಾಡ ತಂಗಿ! ಯಾರಿಗೂ ಹಂಗ ಕೈ ಒಡ್ಡಬ್ಯಾಡ. ನಿನಗ ಗೊತ್ತಿಲ್ಲ.”

“ಆತ್ರಿ, ಆತ್ರಿ,” ಎಂದು ಪ್ರಜ್ಞಾ ನಕ್ಕಳು. “ಕಾಕಾಗ ನನ್ನ ಕೈ ಬ್ಯಾಡಂತ. ಮುದುಕಾದ್ರೂ ಜಂಬ ಭಾಳ.”

ಹೊಸ ಇಂಜೆಕ್ಷನ್ ಹತ್ತಿದ ಮೇಲೆ ಮಿಷನ್ನಿನ ಕೂಗು ನಿಧಾನವಾಯಿತು. ಉಳಿದ ಚೂರುಗಳನ್ನು ತೆಗೆಯುವಾಗ ಸಪ್ಪಳ ಮಾತ್ರ ಬರುತ್ತಿತ್ತು, ರಂಜನಾಳ ಬೆರಳು ಸುಮ್ಮನಿತ್ತು. ಅಪ್ಪನ ನಾಲಿಗೆ ಮಾತ್ರ ಸ್ವಲ್ಪ ಸಡಿಲಾದ ಹಾಗಿತ್ತು. ಅವನು ಏನೋ ಹೇಳಲು ಹೋಗಿ, ಬೆಚ್ಚಿ, ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ತುಟಿಯ ಮೇಲೆ ರಕ್ತ ಮೂಡಿತು.

ಸಂಜೆ ಬಿಡುವಾಗ ಡಾಕ್ಟರು ಇಬ್ಬರು ಹೆಣ್ಣುಮಕ್ಕಳನ್ನೂ ಕರೆದು ಹೇಳಿದರು. “ಮೂತ್ರದಾಗ ಸ್ವಲ್ಪ ರಕ್ತ ಬರತೈತಿ, ಅದಕ್ಕ ಅಂಜಬ್ಯಾಡ್ರಿ. ಗುಳಿಗಿ ತಪ್ಪಸಬ್ಯಾಡ್ರಿ. ಆದ್ರ ಚಳಿ ಜ್ವರಾ ಬಂದ್ರ ಮಾತ್ರ ಒಂದ ತಾಸೂ ಕಾಯೂದಲ್ಲ. ಒಳಗ ನಂಜ ಏರಿದ್ರ ಜೀವಕ್ಕ ಬರತೈತಿ. ಇವರು ಬಾಯಿಬಿಡೂದಿಲ್ಲ, ನೀವ ನೋಡಕೋಬೇಕು.”

ಊರಿಗೆ ಹೋಗುವುದು ಬೇಡವೆಂದು ಅನ್ನಪೂರ್ಣಾ ಅಪ್ಪನನ್ನು ತನ್ನ ಮನೆಗೇ ಕರೆದೊಯ್ದಳು.

ಮರುದಿನ ಮಧ್ಯಾಹ್ನ ಅನ್ನಪೂರ್ಣಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಶಿವರಾತ್ರಿ ಕಳೆದ ಬಿಸಿಲು, ನಾಯಿಗಳೂ ನೆರಳು ಬಿಟ್ಟು ಏಳುತ್ತಿರಲಿಲ್ಲ. ರಂಜನಾ ಬಾಗಿಲಿಗೆ ಬಂದು ನೋಡಿದರೆ ಅಪ್ಪ ಬಿಸಿಲಿನಲ್ಲಿ, ಕಟ್ಟೆಯ ಮೇಲೆ, ಕೌದಿ ಹೊದ್ದು ಕುಳಿತಿದ್ದ. ಬಾಯಲ್ಲಿ ರುಮಾಲು. ಪಕ್ಕದಲ್ಲಿಟ್ಟ ತಂಬಿಗೆಯ ನೀರು ತನ್ನಷ್ಟಕ್ಕೆ ನಡುಗುತ್ತಿತ್ತು. ನೀರು ಯಾಕೆ ನಡುಗುತ್ತದೆ ಎಂದು ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಕಂಡಿತು, ಕಟ್ಟೆಯ ಸಡಿಲ ಕಲ್ಲು ಅಲುಗುತ್ತಿತ್ತು. ಅಪ್ಪನ ಮೈ ಅಷ್ಟು ನಡುಗುತ್ತಿತ್ತು.

“ಅಪ್ಪಾ, ಚಳಿ ಬಂದಾವೇನು?”

ಶಟ್ಟೆಪ್ಪ ರುಮಾಲು ತೆಗೆದ. “ಏನಿಲ್ಲ. ಬಿಸಲ ಕಾಸಾಕತ್ತೇನಿ.”

ಹಣೆ ಮುಟ್ಟಿದಳು. ರೊಟ್ಟಿಯ ಹಂಚು. ಅವಳು ಒಳಗೆ ಓಡಿ ಅಕ್ಕನ ಫೋನಿನಿಂದ ದವಾಖಾನೆಗೆ ಹಚ್ಚಿದಳು. ಪ್ರಜ್ಞಾಳೇ ಎತ್ತಿ, “ಈಗಿಂದೀಗ ಕರಕೊಂಡ ಬರ್ರಿ, ತಡಾ ಮಾಡಬ್ಯಾಡ್ರಿ,” ಎಂದಳು. ಅನ್ನಪೂರ್ಣಾ ಹಿಟ್ಟಿನ ಕೈಯಲ್ಲೇ ಓಣಿಯ ತುದಿಗೆ ಆಟೋ ಕರೆಯಲು ಹೋದಳು.

ಶಟ್ಟೆಪ್ಪ ಏಳಲಿಲ್ಲ. ಕಟ್ಟೆಯ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡ. “ನಾ ಅಲ್ಲಿಗೆ ಬರೂದಿಲ್ಲ. ನಿನ್ನೆ ಆ ಸೂಜಿ ಚುಚ್ಚಿದ ಮ್ಯಾಲ ನಾಲಿಗಿ ನನ್ನ ಮಾತ ಕೇಳಲಿಲ್ಲ, ರಂಜಿ. ತುದಿಗೆ ಬಂದಿತ್ತು ಮಾತು. ಈ ಜ್ವರದಾಗ ಹೋದ್ರ ಅಂದಬಿಡತೇನಿ.”

“ಅನ್ನು. ಅಂದ್ರ ಏನಾತು?”

“ಏನಾತು ಅಂತಿಯಲ್ಲ.” ಅವನ ಹಲ್ಲು ಕಟಕಟ ಬಡಿಯುತ್ತಿದ್ದವು. “ಉಳದವರದು ಕರಿ ಚೇಳು. ಒಂದ ದಿನಾ ಅತ್ತಾರು, ನನಗ ಬೈದಾರು. ನಿಂದು ಕೆಂಪ ಚೇಳ ಐತಿ, ಮಗಳ. ಅವತ್ತ ನಿನ್ನ ಎದಿ ನಿಂತಂಗ ಆಗಿತ್ತು. ಅದನ್ನ ಈ ಮುಷ್ಟ್ಯಾಗ ಹಿಡದೇನಿ. ನನ್ನ ಕೂಡ ಮಣ್ಣಾಗ ಹೋಗಲಿ ಬಿಡು, ನೀ ಚಂದಿರು.”

ರಂಜನಾ ಅವನ ಕೈ ನೋಡಿದಳು. ಅಪ್ಪನ ಮುಚ್ಚಿದ ಬಲಮುಷ್ಟಿಯ ಮೇಲೆ ನರಗಳು ಉಬ್ಬಿದ್ದವು, ಒಳಗೆ ಏನೋ ಮಿಸುಕಾಡುತ್ತಿದೆ ಎನ್ನುವ ಹಾಗೆ. ಹುಟ್ಟಿದಾಗಿನಿಂದ ನೋಡಿದ ಕೈ ಅದು. ‘ಕೊಡು’ ಎಂದು ಚಾಚಿದಾಗ ಬಿಟ್ಟರೆ, ಅವನು ಮಲಗಿದಾಗಲೂ ಅದನ್ನು ಪೂರ್ತಿ ಬಿಚ್ಚಿದ್ದನ್ನು ಅವಳು ಕಂಡಿರಲಿಲ್ಲ ಎಂದು ಆಗ ಹೊಳೆಯಿತು.

ಅವಳು ಹಿತ್ತಲಿಗೆ ಹೋದಳು. ಗೋಡೆಯ ಆಚೆಯಿಂದ ಬಾಗಿದ್ದ ಬೇವಿನ ಗಿಡದ ಟೊಂಗೆ ಮುರಿದಳು. ತಿರುಗಿ ಬಂದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಟೊಂಗೆಯನ್ನು ಅವನ ಟೊಂಕದ ಮೇಲಿಟ್ಟಳು.

ಶಟ್ಟೆಪ್ಪನ ಕಣ್ಣುಗಳು ದೊಡ್ಡವಾದವು. “ರಂಜೀ, ಬ್ಯಾಡ.”

“ಎಲ್ಲಿಗೆ ಬಂತು?” ಎಂದಳು ಅವಳು.

“ಹುಚ್ಚೀ, ತಗಿ ಅದನ್ನ.”

“ಎಲ್ಲಿಗೆ ಬಂತು, ಅಪ್ಪಾ?”

ಬೇವು ಹಿಡಿದು ಕೇಳಿದ ಮೇಲೆ ಸುಳ್ಳಿಲ್ಲ. ಎಷ್ಟೋ ಜನರಿಗೆ ಅವನೇ ಹಾಕಿದ ಕಟ್ಟು ಅದು. ಶಟ್ಟೆಪ್ಪನ ತುಟಿ ಅದುರಿತು. ಕಡೆಗೆ, ಬಹಳ ದಿನ ಮುಚ್ಚಿದ್ದ ಕಣಜದ ಬಾಗಿಲು ತೆಗೆದಂಥ ದನಿಯಲ್ಲಿ, “ಕಿಬ್ಬೊಟ್ಟಿಗೆ… ಕಿಬ್ಬೊಟ್ಟಿಗೆ ಬಂದೈತಿ. ಬೆನ್ನಿಗೂ ಬಂದೈತಿ. ನೋಯತೈತಿ, ಅವ್ವಾ. ನೋಯತೈತಿ!” ಎಂದ.

ಮುಷ್ಟಿ ಬಿಚ್ಚಿತು. ಅಂಗೈಯಲ್ಲಿ ಏನೂ ಇರಲಿಲ್ಲ.

ರಂಜನಾ ತನ್ನ ಕಾಲ ಕಡೆ ನೋಡಲಿಲ್ಲ. ಆಟೋ ಬಂದು ನಿಂತ ಸಪ್ಪಳ ಕೇಳಿತು. ಅಪ್ಪ ಈಗ ಕೂಸಿನಂತೆ ಹಗುರಾಗಿದ್ದ, ಎತ್ತಿದರೆ ಎದ್ದ. ಅಕ್ಕ ತಂಗಿ ಕೂಡಿ ಅವನನ್ನು ಒಳಗೆ ಕೂಡಿಸಿದರು. ಬಸ್‌ಸ್ಟ್ಯಾಂಡ್ ದಾಟುವ ಹೊತ್ತಿಗೆ ಅವಳ ಕಿರುಬೆರಳಿಗೆ ಕಾಯಿಸಿದ ಸೂಜಿ ಚುಚ್ಚಿದಂತಾಯಿತು. ಅವಳು ಬೇವಿನ ಟೊಂಗೆಯನ್ನು ಮಡಿಲಿನಲ್ಲಿ ಗಟ್ಟಿಯಾಗಿ ಹಿಡಿದಳು. ದವಾಖಾನೆಯ ಮೆಟ್ಟಿಲು ಏರುವಾಗ ಉರಿ ಮೊಣಕಾಲಿಗೆ ಬಂದಿತ್ತು.

ಅಪ್ಪನನ್ನು ಮಲಗಿಸಿ ಸಲಾಯಿನ್ ಹಚ್ಚಿದರು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. “ಸರಿಯಾದ ಹೊತ್ತಿಗೆ ತಂದ್ರಿ,” ಎಂದರು ವಿರೂಪಾಕ್ಷ ಡಾಕ್ಟರು. “ಇನ್ನೊಂದೀಟು ತಡಾ ಆಗಿದ್ರ ನನ್ನ ಕೈಯಾಗ ಇರಲಿಲ್ಲ.” ಆ ಮಾತು ಕೇಳಿ ಸಮಾಧಾನದ ಉಸಿರು ಬಿಟ್ಟವಳು ರಂಜನಾ. ಅದೇ ಉಸಿರಿಗೆ ಗೋಡೆ ಹಿಡಿದು ಕೆಳಗೆ ಕುಸಿದಳು.

ಮೈಯೆಲ್ಲ ಬೆವರಿನಲ್ಲಿ ತೊಯ್ದಿತ್ತು, ಕೈಕಾಲು ತಣ್ಣಗಿದ್ದವು. ಡಾಕ್ಟರು ನಾಡಿ ಹಿಡಿದು, ಕಣ್ಣು ನೋಡಿ, “ಚೇಳ ಕಡದೈತೇನು ಈಕಿಗೆ?” ಎಂದರು. ಆ ಕಡೆಯ ಡಾಕ್ಟರಿಗೆ ಅದು ಹೊಸದಲ್ಲ. “ಯಾವಾಗ ಕಡೀತು? ಎಲ್ಲಿ?”

ಚಪ್ಪಲಿ ತೆಗೆದು ನೋಡಿದರು. ಬಾವು ಇಲ್ಲ, ಹೊಸ ಗಾಯವಿಲ್ಲ. ಕಿರುಬೆರಳಿನ ಮೇಲೆ ಹಳೆಯ ಚುಕ್ಕೆ ಒಂದೇ.

“ಅದು ಆಕಿ ಸಣ್ಣಾಕಿದ್ದಾಗ ಕಡದದ್ದರಿ,” ಎಂದು ಅನ್ನಪೂರ್ಣಾ ಅಳುತ್ತ ಹೇಳಿದಳು. “ಈಗ ಏನೂ ಕಡದಿಲ್ಲ. ನನ್ನ ಬಾಜೂಕ ಕುಂತಾಕಿ.”

ಡಾಕ್ಟರು ರಂಜನಾಳ ಮುಖ ನೋಡಿ ಮಾತು ಬೆಳೆಸಲಿಲ್ಲ. ಗುಳಿಗೆಯೊಂದರ ಹೆಸರು ಹೇಳಿದರು. ಅನ್ನಪೂರ್ಣಾ ಅಪ್ಪನ ಚೀಲದಿಂದ ಚೀಟಿ ತೆಗೆದು ತೋರಿಸಿದಳು. “ಇದ ಹೆಸರಿಂದು ಅಪ್ಪಗ ಕೊಟ್ಟೀರಲ್ರಿ, ಮೂತ್ರಕ್ಕಂತ?”

“ಹೌದವಾ, ಅದ ಗುಳಿಗಿ. ಬಿಗದ ನರಾ ಸಡ್ಲ ಮಾಡತೈತಿ. ನಿಮ್ಮಪ್ಪಗ ಅಲ್ಲಿ, ಚೇಳ ಕಡದವರಿಗೆ ಎಲ್ಲಾ ಕಡೆ.” ಡಾಕ್ಟರು ಗುಳಿಗೆಯನ್ನು ತಾವೇ ರಂಜನಾಳ ಬಾಯಿಗೆ ಹಾಕಿದರು. “ಸೋಜಿಗ ಐತಿ. ಕಡದಿಲ್ಲ ಅಂತೀರಿ, ಗುಣ ಎಲ್ಲಾ ಕೆಂಪ ಚೇಳಿಂದ ಅದಾವ.”

ಅಷ್ಟರಲ್ಲಿ ಊರಿನಿಂದ ಫೋನು ಬಂತು. ಭೀಮಶಿಯ ದನಿ ಮಂಚದ ಮೇಲಿದ್ದ ರಂಜನಾಗೂ ಕೇಳುವಷ್ಟು ದೊಡ್ಡದಾಗಿತ್ತು. “ಅಕ್ಕಾ, ಅಪ್ಪನ ಕೈಯಾಗ ಫೋನ ಕೊಡು! ಇಲ್ಲಿ ಊರಾಗ ಏನೋ ಆಗೇತಿ. ಕೆಂಚವ್ವತ್ತಿ ಒಲಿ ಮುಂದ ಕೈ ಹಿಡಕೊಂಡ ಚೀರಾಕತ್ತಾಳ. ಮುದಕಪ್ಪ ಕಣದಾಗ ಹೊಳ್ಳಾಡಾಕತ್ಯಾನ. ಓಣಿ ತುಂಬ ಚೇಳು ಚೇಳು ಅನ್ನೂದ ಆಗೇತಿ. ಕಲ್ಲೆಲ್ಲಾ ಎತ್ತಿ ನೋಡಿದ್ವಿ, ಕುಳ್ಳೆಲ್ಲಾ ಕೆದರಿ ನೋಡಿದ್ವಿ. ಒಂದ ಚೇಳೂ ಇಲ್ಲಕ್ಕಾ! ಒಂದೂ ಇಲ್ಲ!”

ಪಕ್ಕದ ಮಂಚದಿಂದ ಶಟ್ಟೆಪ್ಪ ಹೇಳಿದ, “ಒಂದ ದಿನಾ ತಡಕೊಳ್ರಿ ಅನ್ನು. ಅವರವರದು ಅವರವರಿಗೆ ಹೋಗೇತಿ.” ಹೊಸ ಸೂಜಿ ಚುಚ್ಚಲು ಪ್ರಜ್ಞಾ ಕೈ ಹಿಡಿದಾಗ ಅವನು, “ಅಯ್ಯಯ್ಯ ಅವ್ವಾ, ನೋಯತೈತಿ!” ಎಂದು ಕೂಗಿದ.

“ಹತ್ತರಾಗ ಎಷ್ಟ ಕಾಕಾ?”

“ಹತ್ತು! ಹನ್ನೊಂದು!” ಎಂದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ಜಾತ್ರೆಯಲ್ಲಿ ಮಿಠಾಯಿ ಕೊಡಿಸಿಕೊಂಡ ಹುಡುಗನದಾಗಿತ್ತು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದ.

ಹೊತ್ತು ಮುಳುಗುವಾಗ ರಂಜನಾಳ ನೋವು ತೊಡೆ ದಾಟಿ ಪಕ್ಕೆಗೆ ಏರಿತ್ತು. ಜೀವಕ್ಕೇನಿಲ್ಲ ಎಂದು ಡಾಕ್ಟರು ಹೇಳಿಹೋಗಿದ್ದರು. ಆದರೆ ನೋವಿಗೆ ಅದು ಗೊತ್ತಿರಲಿಲ್ಲ. ಅನ್ನಪೂರ್ಣಾ ಗಂಜಿ ತರಲು ಮನೆಗೆ ಹೋಗಿದ್ದಳು. ಪ್ರಜ್ಞಾ ಪಾಳಿ ಮುಗಿಸಿ ಮನೆಗೆ ಹೊರಟವಳು, ಇವಳು ದಿಂಬು ಕಚ್ಚುತ್ತಿರುವುದನ್ನು ಕಂಡು ಹತ್ತಿರ ಬಂದಳು. ಒದ್ದೆ ಬಟ್ಟೆಯಿಂದ ಕಾಲನ್ನು ಮೇಲಿಂದ ಕೆಳಗೆ ಒರೆಸಿದಳು. ಒರೆಸಿದ ಹಾಗೆಲ್ಲ ಉರಿ ಒರೆಸಿದ ದಾರಿಯಲ್ಲೇ ಕೆಳಗಿಳಿಯಿತು. ತೊಡೆಗೆ ಬಂತು, ಮೊಣಕಾಲಿಗೆ ಬಂತು, ಹಿಮ್ಮಡಿಗೆ ಬಂತು. ರಂಜನಾ ಹಾಯೆನಿಸಿ ಕಣ್ಣು ಮುಚ್ಚಿದಳು.

“ನೋಡ್ರಿ, ನನ್ನ ಕೈ ಹಿಚುಕ್ರಿ,” ಎಂದಿತು ಆ ನುಣುಪು ದನಿ. “ನಿಮ್ಮ ನೋವೆಲ್ಲಾ ನನಗ ಕೊಡ್ರಿ. ಕೊಡ್ರಿ.”

ಕಣ್ಣು ಮುಚ್ಚಿಕೊಂಡೇ, ಕೂಸಾಗಿದ್ದಾಗ ಅಂದ ಹಾಗೆಯೇ, ರಂಜನಾ “ಕೊಟ್ಟೆ” ಎಂದಳು.

ಆಮೇಲೆ ಅವಳಿಗೆ ಗಾಢ ನಿದ್ದೆ ಬಂತು.

ಬೆಳಿಗ್ಗೆ ಎದ್ದಾಗ ಮೈ ಹಗುರಾಗಿತ್ತು. ಬೆರಳು ಮುಟ್ಟಿ ನೋಡಿದಳು, ಏನೂ ಇಲ್ಲ. ಕಪ್ಪು ಚುಕ್ಕೆಯೂ ಇರಲಿಲ್ಲ. ಬದಿಯ ಮಂಚದಲ್ಲಿ ಅಪ್ಪ ಜ್ವರ ಬಿಟ್ಟು, ದಿಂಬಿಗೆ ಒರಗಿ ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದ. ಚೂರುಗಳ ವರದಿ ಮುಂದಿನ ವಾರ ಬರುತ್ತದಂತೆ, ಬಂದಾಗ ನೋಡೋಣ ಅಂತ ಅನ್ನಪೂರ್ಣಾಗೆ ಹೇಳುತ್ತಿದ್ದ. ಊರಿನಲ್ಲೂ ಎಲ್ಲರೂ ಎದ್ದು ಓಡಾಡುತ್ತಿದ್ದಾರೆ ಎಂದು ಭೀಮಶಿಯ ಫೋನು ಬಂದಿತ್ತು.

ಆಗ ಪ್ರಜ್ಞಾ ಬಂದಳು.

ಬಾಗಿಲಿನಿಂದ ಮಂಚದ ತನಕ ಅವಳು ನಡೆದು ಬಂದದ್ದನ್ನು ರಂಜನಾ ನೋಡಿದಳು. ಎಡಗಾಲು ಪೂರ್ತಿ ಊರುತ್ತಿದ್ದಳು. ಬಲಗಾಲನ್ನು ಹಿಮ್ಮಡಿಯ ಮೇಲೆ ಮಾತ್ರ. ಫ್ಯಾನಿನ ಕೆಳಗೆ ನಿಂತರೂ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

“ಸಿಸ್ಟರ್, ಕಾಲಿಗೆ ಏನಾಗೇತ್ರಿ?” ಅನ್ನಪೂರ್ಣಾ ಕೇಳಿದಳು.

“ಏನಿಲ್ಲರಿ,” ಎಂದಳು ಪ್ರಜ್ಞಾ ಹಲ್ಲಿನ ಸಂದಿಯಿಂದ. “ಹೊಸಾ ಚಪ್ಪಲಿ, ಕಚ್ಚೇತಿ ಕಾಣಸ್ತೈತಿ.” ಅವಳು ಮುಂದಿನ ಮಂಚಕ್ಕೆ ನಡೆದಳು.

ಶಟ್ಟೆಪ್ಪನ ಬಿಸ್ಕೀಟು ಚಹಾದಲ್ಲಿ ಕರಗಿ ಬಿತ್ತು. ಅವನು ಮಗಳ ಕಡೆ ತಿರುಗಿದ. “ಕೊಟ್ಟಿಯೇನ?” ಎಂದು ಪಿಸುಗುಟ್ಟಿದ.

ರಂಜನಾ ತಲೆಯಾಡಿಸಿದಳು.

ಅವನು ಚಹಾದ ಬಟ್ಟಲನ್ನು ಕೆಳಗಿಟ್ಟ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಸುಮ್ನಿರು,” ಎಂದ. “ಬಾಯಿಬಿಡಬ್ಯಾಡ. ಆಕಿ ದೊಡ್ಡಾಕಿ, ತಡಕೊಂತಾಳ. ನಾ ತಡಕೊಳ್ಳಲಿಲ್ಲೇನು? ನೀ ಉಳದಿಯಲ್ಲ, ಅಷ್ಟ ಸಾಕು ನನಗ.”

ಅದು ಅಪ್ಪನ ದನಿಯೇ. ಆದರೆ ಅದರ ಕೆಳಗೆ, ಅವಳು ಕಾಣದ, ರುಮಾಲು ತುರುಕಿದ ಯಾವುದೋ ಬಾಯಿ ಮಾತಾಡಿದ ಹಾಗಿತ್ತು. ರಂಜನಾ ಪ್ರಜ್ಞಾಳನ್ನು ನೋಡಿದಳು. ಎಲ್ಲರ ನೋವನ್ನೂ ಹತ್ತರಲ್ಲಿ ಎಷ್ಟೆಂದು ಕೇಳುವವಳು, ತನ್ನದನ್ನು ಯಾರೂ ಕೇಳದವಳು. ಇಂದು ಏನಿಲ್ಲ ಅನ್ನುತ್ತಾಳೆ. ನಾಳೆಯೂ ಅನ್ನುತ್ತಾಳೆ. ಮತ್ತೊಬ್ಬರ ಮುಂದೆ ಮತ್ತೆ ಕೈ ಒಡ್ಡುತ್ತಾಳೆ. ಪೆನ್ನಿನ ಮುಚ್ಚಳಗಳೆಲ್ಲ ತೂತಾಗುತ್ತವೆ.

ದಿಂಬಿನ ಪಕ್ಕ ಚೇಳಿನ ನಂಜಿಗೆ ಕೊಟ್ಟ ಬೆಳಗಿನ ಗುಳಿಗೆ ಇತ್ತು. ರಂಜನಾ ಮೊದಲು ಅದನ್ನು ನುಂಗಿ ನೀರು ಕುಡಿದಳು. ಆಮೇಲೆ ಮಂಚದ ಕೆಳಗಿನ ಚೀಲದಿಂದ, ಎಲೆ ಬಾಡಿದ ಬೇವಿನ ಟೊಂಗೆಯನ್ನು ತೆಗೆದಳು. ಅಪ್ಪ ಅವಳ ಸೀರೆಯ ಸೆರಗು ಹಿಡಿದ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಹೊರಗಿನವರ ಮುಂದೆ ಅಷ್ಟು ದೊಡ್ಡ ದನಿಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ. “ಸಿಸ್ಟರ್,” ಎಂದು ಕರೆದು, ಹತ್ತಿರ ಹೋಗಿ, ಟೊಂಗೆಯನ್ನು ಅವಳ ಬಲ ಮೊಣಕಾಲಿಗೆ ಮುಟ್ಟಿಸಿದಳು.

“ಎಲ್ಲಿಗೆ ಬಂತು?”

ಪ್ರಜ್ಞಾ ತಿರುಗಿ ನೋಡಿದಳು. ಅವಳ ಬಾಯಿ ತೆರೆಯಿತು. ಪೆನ್ನಿನ ಮುಚ್ಚಳ ಫರಸಿಯ ಮೇಲೆ ಬಿದ್ದು, ಛಟ್ ಎಂದಿತು.